ಬಣ್ಣದ ಮೊಟ್ಟೆ ಮತ್ತು ಈದಿನ ಸಂಭ್ರಮ: ಈಜಿಪ್ಟಿನ ವಸಂತದ ಒಂದು ಚರಿತ್ರೆ

ಅಡುಗೆಮನೆಯಲ್ಲಿ ಹುಟ್ಟಿ ಬೆಳೆಯುವ ಆಚರಣೆಗಳಿಗೆ ಇತಿಹಾಸ ಗ್ರಂಥಗಳಲ್ಲಿ ಸ್ಥಾನ ಸಿಗುವುದು ಅಪರೂಪ. ಅರಸರ ಯುದ್ಧಗಳು, ಕೋಟೆಗಳ ಮುತ್ತಿಗೆ, ಮಂತ್ರಿಗಳ ಏಳುಬೀಳು ಇವುಗಳೇ ಪುಟಗಳನ್ನು ತುಂಬಿಕೊಂಡಿರುತ್ತವೆ. ಆದರೆ ಬೇಯಿಸಿದ ಕೋಳಿಮೊಟ್ಟೆಗೆ ಬಣ್ಣ ಹಾಕುವಂತಹ ಸಣ್ಣ ಸಂಗತಿಯೊಂದು ಇದಕ್ಕೆ ಅಪವಾದ. ಡಮಾಸ್ಕಸ್‌ನ ಇಮಾಮ್ ಇಬ್ನು ತೈಮಿಯ್ಯಾ(ರ), ಕೈರೋದಲ್ಲಿ ನೆಲೆಸಿದ್ದ ಮಾಲಿಕೀ ವಿದ್ವಾಂಸ ಇಬ್ನುಲ್ ಹಾಜ್(ರ), ಈಜಿಪ್ಟಿನ ಮಹಾ ಇತಿಹಾಸಕಾರ ಅಲ್ ಮಕ್ರೀಝಿ(ರ) ಈ ಮೂವರೂ ತಮ್ಮ ಗ್ರಂಥಗಳಲ್ಲಿ ಈ ಬಣ್ಣದ ಮೊಟ್ಟೆಗಳನ್ನು ಪ್ರಸ್ತಾಪಿಸಿದ್ದಾರೆ. ಒಬ್ಬರು ಅದನ್ನು ಶರೀಅತ್‌ನ ಮಾನದಂಡದಲ್ಲಿ ತೂಗಿದರು, ಇನ್ನೊಬ್ಬರು ಮುಸ್ಲಿಂ ಮನೆಗಳಲ್ಲಿ ಅದನ್ನು ಕಂಡು ಕಳವಳಪಟ್ಟರು, ಮತ್ತೊಬ್ಬರು ಮಾರುಕಟ್ಟೆಯಲ್ಲಿ ತಾವು ಕಂಡದ್ದನ್ನು ದಾಖಲಿಸಿದರು.

ಇಷ್ಟು ದೊಡ್ಡ ವಿದ್ವಾಂಸರ ಗಮನ ಇಷ್ಟು ಚಿಕ್ಕ ವಸ್ತುವಿನ ಕಡೆಗೆ ಹರಿದದ್ದೇಕೆ? ಅದರ ಹಿಂದೆ ಇಂದಿಗೂ ಹಳತಾಗದ ಒಂದು ಪ್ರಶ್ನೆಯಿದೆ. ಬೇರೆ ಧರ್ಮದ ನೆರೆಹೊರೆಯವರೊಂದಿಗೆ ಬಾಳುವ ಮುಸ್ಲಿಂ ಕುಟುಂಬದ ಮಗು ಆ ನೆರೆಮನೆಯ ಹಬ್ಬದ ಬಣ್ಣವನ್ನು ಕಂಡು ಆಸೆಪಟ್ಟಾಗ ತಂದೆತಾಯಿ ಏನು ಮಾಡಬೇಕು? ಬಣ್ಣದ ಮೊಟ್ಟೆಯ ಚರಿತ್ರೆಯು ವಾಸ್ತವದಲ್ಲಿ ಈ ಪ್ರಶ್ನೆಯ ಚರಿತ್ರೆಯೇ ಆಗಿದೆ.

ವಸಂತಕ್ಕೂ ಮೊಟ್ಟೆಗೂ ಏನು ನಂಟು?

ಮೊದಲು ಒಂದು ಸರಳ ಸಂಗತಿಯನ್ನು ಗಮನಿಸೋಣ. ಕೋಳಿ ಮೊಟ್ಟೆಯಿಡುವುದು ಹಗಲಿನ ಬೆಳಕನ್ನು ಅವಲಂಬಿಸಿದೆ. ಚಳಿಗಾಲದಲ್ಲಿ ಹಗಲು ಕಿರಿದಾದಾಗ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ. ವಸಂತದಲ್ಲಿ ಹಗಲು ಹಿಗ್ಗಿದಂತೆ ಬುಟ್ಟಿಗಳು ತುಂಬತೊಡಗುತ್ತವೆ. ವಿದ್ಯುದ್ದೀಪದ ಕೆಳಗೆ ಕೋಳಿ ಸಾಕುವ ಇಂದಿನ ಕಾಲದಲ್ಲಿ ಈ ಏರಿಳಿತ ನಮ್ಮ ಗಮನಕ್ಕೆ ಬಾರದು. ಆದರೆ ಹಿಂದಿನ ಗ್ರಾಮೀಣ ಸಮಾಜದಲ್ಲಿ ಮೊಟ್ಟೆಯು ಸಾಕ್ಷಾತ್ ಋತುವಿನ ಬೆಳೆಯಾಗಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿತು. ಈಜಿಪ್ಟಿನ ಮೂಲ ಕ್ರೈಸ್ತರಾದ ಕಾಪ್ಟ್ ಜನಾಂಗದವರು ಈಸ್ಟರ್ ಹಬ್ಬಕ್ಕೆ ಮುಂಚೆ 55 ದಿನಗಳ ದೀರ್ಘ ಉಪವಾಸವನ್ನು ಆಚರಿಸುತ್ತಾರೆ. ಆ ಅವಧಿಯಲ್ಲಿ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಸೇವಿಸುವುದಿಲ್ಲ. ಆದರೆ ಮನುಷ್ಯರು ಉಪವಾಸವಿದ್ದರೆಂದು ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸುವುದಿಲ್ಲವಲ್ಲ! ಹೀಗೆ ಉಪವಾಸದ ಕೊನೆಯ ವಾರಕ್ಕೆ ಮನೆಮನೆಗಳಲ್ಲಿ ಮೊಟ್ಟೆಗಳು ರಾಶಿಬೀಳುತ್ತಿದ್ದವು. ಗಟ್ಟಿಯಾಗಿ ಬೇಯಿಸಿ ಇಟ್ಟರೆ ಅವು ಕೆಲವು ದಿನ ಉಳಿಯುತ್ತವೆ. ಬೇಯಿಸುವ ನೀರಿಗೆ ಒಂದು ಹಿಡಿ ಈರುಳ್ಳಿ ಸಿಪ್ಪೆ ಹಾಕಿದರೆ ಬಣ್ಣವೂ ಬರುತ್ತದೆ.

ವಸಂತದ ಮೊದಲ ದಿನವನ್ನು ನವ್ರೋಝ್ ಎಂದು ಆಚರಿಸುವ ಇರಾನ್‌ನಲ್ಲಿಯೂ ಬಣ್ಣದ ಮೊಟ್ಟೆ ಹಬ್ಬದ ಹಾಸಿನ ಮೇಲೆ ಇಂದಿಗೂ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕ್ರೈಸ್ತ ಉಪವಾಸದ ಹಿನ್ನೆಲೆಯಿಲ್ಲ, ಮೊಟ್ಟೆ ಮಾತ್ರ ಅದೇ. ಅಂದರೆ ಬಣ್ಣದ ಮೊಟ್ಟೆ ಯಾವುದೋ ಒಂದೇ ಧರ್ಮದ ಸೃಷ್ಟಿಯೆನ್ನುವುದಕ್ಕಿಂತ, ಮೊದಲು ಋತು ಅದನ್ನು ಒದಗಿಸಿತು, ಅನಂತರ ಬೇರೆ ಬೇರೆ ಜನಾಂಗಗಳು ಅದಕ್ಕೆ ತಮ್ಮ ತಮ್ಮ ಅರ್ಥವನ್ನು ತೊಡಿಸಿದವು ಎನ್ನುವುದು ಹೆಚ್ಚು ಸಮಂಜಸ. ಮುಂದೆ ವಿದ್ವಾಂಸರ ಚರ್ಚೆಯನ್ನು ಅರಿಯಲು ವಸ್ತು ಬೇರೆ, ಅದಕ್ಕೆ ತೊಡಿಸಿದ ಅರ್ಥ ಬೇರೆ ಎಂಬ ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಬೇಳೆಯ ಗುರುವಾರ

ಮಧ್ಯಯುಗದ ಈಜಿಪ್ಟಿನಲ್ಲಿ ಈಸ್ಟರ್‌ಗೆ ಮೂರು ದಿನ ಮುಂಚಿನ ಗುರುವಾರಕ್ಕೆ ಜನರು ‘ಖಮೀಸುಲ್ ಅದಸ್’ ಎಂದು ಹೆಸರಿಟ್ಟಿದ್ದರು. ‘ಅದಸ್’ ಎಂದರೆ ಮಸೂರ್ ಬೇಳೆ. ಅಂದು ಕ್ರೈಸ್ತರು ಬೇಳೆಯ ಅಡುಗೆ ಮಾಡುತ್ತಿದ್ದುದರಿಂದ ಈ ಹೆಸರು ಬಂತು.

ಈ ಗುರುವಾರದ ಅತ್ಯಂತ ಸಜೀವ ಚಿತ್ರಣ ಸಿಗುವುದು ಅಲ್ ಮಕ್ರೀಝಿಯವರ ‘ಅಲ್ ಖಿತತ್’ ಗ್ರಂಥದಲ್ಲಿ. 1364ರಲ್ಲಿ ಕೈರೋದಲ್ಲಿ ಜನಿಸಿ 1442ರಲ್ಲಿ ಅಲ್ಲಿಯೇ ನಿಧನರಾದ ಅವರು ಕೇವಲ ಗ್ರಂಥಾಲಯದ ಪಂಡಿತರಾಗಿರಲಿಲ್ಲ. 1399ರಲ್ಲಿ ಅವರು ಕೈರೋದ ಮುಹ್ತಸಿಬ್ ಆಗಿ ನೇಮಕಗೊಂಡಿದ್ದರು. ತೂಕ ಅಳತೆಗಳಲ್ಲಿ ಮೋಸವಾಗದಂತೆ, ಮಾರುಕಟ್ಟೆಯಲ್ಲಿ ಅನೈತಿಕ ಕೃತ್ಯಗಳು ನಡೆಯದಂತೆ ನೋಡಿಕೊಳ್ಳುವ ಅಧಿಕಾರಿಯೇ ಮುಹ್ತಸಿಬ್. ಆದ್ದರಿಂದ ಬಜಾರಿನ ನಾಡಿಮಿಡಿತ ಅವರಿಗೆ ಚೆನ್ನಾಗಿ ತಿಳಿದಿತ್ತು.

ಅವರ ವಿವರಣೆಯ ಪ್ರಕಾರ ಬೇಳೆಯ ಗುರುವಾರವು ಕೈರೋ ಮತ್ತು ಅದರ ಸುತ್ತಲಿನ ಪ್ರದೇಶಗಳ ದೊಡ್ಡ ಸಂಭ್ರಮಗಳಲ್ಲೊಂದಾಗಿತ್ತು. ಹಲವು ಬಣ್ಣಗಳಲ್ಲಿ ಅದ್ದಿದ ಮೊಟ್ಟೆಗಳು ಲೆಕ್ಕವಿಡಲಾಗದಷ್ಟು ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದವು. ಹುಡುಗರು, ಗುಲಾಮರು, ಬೀದಿಯ ಪುಂಡರು ಆ ಮೊಟ್ಟೆಗಳನ್ನೇ ಪಣವಾಗಿಟ್ಟು ಜೂಜಾಡುತ್ತಿದ್ದರು. ಅವರನ್ನು ತಡೆಯಲು ಮುಹ್ತಸಿಬ್‌ನ ಕಡೆಯಿಂದ ಕೆಲವೊಮ್ಮೆ ಜನ ಬರುತ್ತಿದ್ದರು. ಕ್ರೈಸ್ತರು ತಮ್ಮೊಳಗೆ ಉಡುಗೊರೆ ಹಂಚಿಕೊಳ್ಳುವುದರ ಜೊತೆಗೆ ಮುಸ್ಲಿಮರ ಮನೆಗಳಿಗೂ ಬಗೆಬಗೆಯ ಮೀನು, ಸೋಸಿದ ಬೇಳೆ ಮತ್ತು ಮೊಟ್ಟೆಗಳನ್ನು ಕಳುಹಿಸುತ್ತಿದ್ದರು.

ಅದಕ್ಕೂ ಹಿಂದಿನ ಫಾತಿಮೀ ಆಳ್ವಿಕೆಯಲ್ಲಿ ಈ ದಿನಕ್ಕೆ ಅರಮನೆಯ ಮನ್ನಣೆಯೂ ಇತ್ತು. 500 ದೀನಾರ್‌ಗಳ ಚಿನ್ನವನ್ನು ಕರಗಿಸಿ ‘ಖರ್ರೂಬ’ ಎಂಬ ಪುಟ್ಟ ನಾಣ್ಯಗಳನ್ನು ಟಂಕಿಸಿ ಆಸ್ಥಾನದ ಅಧಿಕಾರಿಗಳಿಗೆ ಅವರವರ ದರ್ಜೆಗೆ ತಕ್ಕಂತೆ ಹಂಚಲಾಗುತ್ತಿತ್ತೆಂದು ಮಕ್ರೀಝಿ ದಾಖಲಿಸಿದ್ದಾರೆ.

ಈ ಇಡೀ ವರ್ಣನೆಯ ಕೊನೆಯಲ್ಲಿ ಅವರು ಸೇರಿಸುವ ಮಾತು ಮಾತ್ರ ಮನಸ್ಸನ್ನು ಭಾರವಾಗಿಸುತ್ತದೆ. ಜನರ ಮೇಲೆ ಬಂದೆರಗಿದ ಸಂಕಷ್ಟದಿಂದಾಗಿ ಇದೆಲ್ಲವೂ ನಿಂತುಹೋಯಿತು ಎನ್ನುತ್ತಾರೆ ಅವರು. 1403ರಲ್ಲಿ ನೈಲ್ ನದಿಯ ನೀರು ಸಾಕಷ್ಟು ಏರದೆ ಬರ ಬಂತು. ಬೆನ್ನಲ್ಲೇ ಬೆಲೆಯೇರಿಕೆ, ಸಾಂಕ್ರಾಮಿಕ ರೋಗ, ನಾಣ್ಯದ ಕುಸಿತ. ಈ ದುರಂತಗಳ ಕಾರಣವನ್ನು ಹುಡುಕಿ ಅವರು ಪ್ರತ್ಯೇಕ ಪುಸ್ತಕವನ್ನೇ ರಚಿಸಿದರು. ಆಡಳಿತಗಾರರ ಲಂಚಕೋರತನ ಮತ್ತು ನಾಣ್ಯದ ಅಪಮೌಲ್ಯವನ್ನು ಅವರು ಅದರಲ್ಲಿ ನೇರವಾಗಿ ಹೊಣೆಯಾಗಿಸಿದರು. ಮುಹ್ತಸಿಬ್‌ನ ದಂಡಕ್ಕೆ ಬಗ್ಗದ ಬಣ್ಣದ ಮೊಟ್ಟೆ ಹಸಿವಿನ ಮುಂದೆ ಬಗ್ಗಿತು. ಆದರೂ ಅದು ಶಾಶ್ವತವಾಗಿ ಮರೆಯಾಗಲಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಮುಸ್ಲಿಂ ರೈತನ ಎರಡು ಕ್ಯಾಲೆಂಡರ್‌ಗಳು

ಕ್ರೈಸ್ತರ ಈ ದಿನವು ಮುಸ್ಲಿಂ ಮನೆಗಳನ್ನು ಪ್ರವೇಶಿಸಿದ್ದು ಹೇಗೆ? ನೆರೆಹೊರೆಯ ಒಡನಾಟ ಒಂದು ಕಾರಣವಾದರೆ, ಕ್ಯಾಲೆಂಡರ್ ಇನ್ನೊಂದು ಕಾರಣ.

ಹಿಜ್ರೀ ವರ್ಷವು ಚಂದ್ರನನ್ನು ಆಧರಿಸಿದ್ದು, ಸೌರ ವರ್ಷಕ್ಕಿಂತ ಸುಮಾರು 11 ದಿನ ಕಿರಿದು. ಹಾಗಾಗಿ ರಮಝಾನ್ ಮತ್ತು ಎರಡು ಈದ್‌ಗಳು ಪ್ರತಿವರ್ಷ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. ಇದರಲ್ಲೊಂದು ಹಿರಿದಾದ ಹಿಕ್ಮತ್ ಇದೆ. ಭೂಮಿಯ ಯಾವ ಭಾಗದ ವಿಶ್ವಾಸಿಗೂ ಉಪವಾಸವು ಸದಾ ಬೇಸಗೆಯಲ್ಲೇ ಬರುವುದಿಲ್ಲ, ಸದಾ ಚಳಿಗಾಲದಲ್ಲೇ ಬರುವುದಿಲ್ಲ. ಆದರೆ ಬಿತ್ತನೆ ಮತ್ತು ಕೊಯ್ಲಿಗೆ ಚಂದ್ರನ ಲೆಕ್ಕ ಒದಗುವುದಿಲ್ಲ. ಅದಕ್ಕೆ ಸೂರ್ಯನ ಲೆಕ್ಕವೇ ಬೇಕು. ಆದ್ದರಿಂದ ಈಜಿಪ್ಟಿನ ಮುಸ್ಲಿಂ ರೈತರು ನಮಾಝ್, ಉಪವಾಸ, ಝಕಾತ್‌ಗಳಿಗೆ ಹಿಜ್ರೀ ಕ್ಯಾಲೆಂಡರನ್ನೂ ಹೊಲದ ಕೆಲಸಕ್ಕೆ ಕಾಪ್ಟಿಕ್ ಮಾಸಗಳನ್ನೂ ಬಳಸುತ್ತಾ ಬಂದರು. ನಮ್ಮ ನಾಡಿನ ಮುಸ್ಲಿಂ ರೈತರು ಶಾಬಾನ್, ರಮಝಾನ್‌ಗಳ ಚಂದ್ರದರ್ಶನಕ್ಕೆ ಕಾದಿದ್ದರೂ ಹೊಲಕ್ಕಿಳಿದಾಗ ರೋಹಿಣಿ ಮಳೆ, ಮೃಗಶಿರಾ ಮಳೆ ಎಂದೇ ಲೆಕ್ಕ ಹಾಕುವುದಿಲ್ಲವೇ? ಹಾಗೆಯೇ ಇದು.

ಹೊಲದ ಕ್ಯಾಲೆಂಡರಿನ ಜೊತೆ ಆ ಕ್ಯಾಲೆಂಡರಿನ ಸಂಭ್ರಮಗಳೂ ಬಾಗಿಲು ದಾಟಿ ಒಳಬಂದವು. 19ನೇ ಶತಮಾನದಲ್ಲಿ ಕೈರೋದಲ್ಲಿ ವಾಸಿಸಿ ಈಜಿಪ್ಟಿನ ಜನಜೀವನದ ಕುರಿತು 1836ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಆಂಗ್ಲ ವಿದ್ವಾಂಸ ಎಡ್ವರ್ಡ್ ಲೇನ್ ಇದಕ್ಕೆ ಸಾಕ್ಷಿ. ಹಿಂದೆ ಕಾಪ್ಟರಿಗೆ ಮಾತ್ರ ಸೀಮಿತವಾಗಿದ್ದ ಆಚರಣೆಗಳನ್ನು ಈಗ ಪಟ್ಟಣಗಳಲ್ಲಿ ಅನೇಕ ಮುಸ್ಲಿಮರೂ, ಹಳ್ಳಿಗಳಲ್ಲಿ ಇನ್ನೂ ಹೆಚ್ಚಿನವರೂ ಪಾಲಿಸುತ್ತಾರೆಂದು ಅವರು ಬರೆದರು. ಬುಧವಾರ ಪ್ರವಾದಿ ಅಯ್ಯೂಬ್(ಅ)ರ ಹೆಸರಿನಲ್ಲಿ ಒಂದು ಬಗೆಯ ಬಳ್ಳಿಯನ್ನು ಮೈಗೆ ಉಜ್ಜಿ ತಣ್ಣೀರಿನ ಸ್ನಾನ. ಗುರುವಾರ ಕೆಂಪು, ಹಳದಿ, ನೀಲಿ ಬಣ್ಣದ ಮೊಟ್ಟೆಗಳ ಸೇವನೆ. ಶುಕ್ರವಾರ ಕಾಳು, ಅಕ್ಕಿ, ಈರುಳ್ಳಿ ಬೆರೆಸಿದ ಅಡುಗೆ. ಶನಿವಾರ ಕಣ್ಣಿಗೆ ಸುರ್ಮಾ. ಅಂದರೆ ಮಕ್ರೀಝಿಯವರ ಕಾಲದ ಬರಗಾಲದಲ್ಲಿ ಮರೆಯಾದ ಮೊಟ್ಟೆ ನಾಲ್ಕು ಶತಮಾನಗಳ ನಂತರ ಅದೇ ಗುರುವಾರ ಮತ್ತೆ ಬಟ್ಟಲಿಗೆ ಬಂದಿತ್ತು.

ಈಸ್ಟರ್‌ನ ಮರುದಿನವಾದ ಸೋಮವಾರ ‘ಶಮ್ಮುನ್ನಸೀಮ್’, ಅಂದರೆ ತಂಗಾಳಿಯನ್ನು ಆಘ್ರಾಣಿಸುವ ದಿನ. ಜನರು ಮುಂಜಾನೆ ಈರುಳ್ಳಿಯನ್ನು ಒಡೆದು ಮೂಸಿ, ಅನಂತರ ತೋಟಗಳಿಗೂ ನದಿಯ ಮೇಲಕ್ಕೂ ಗಾಳಿಸೇವನೆಗೆ ತೆರಳುತ್ತಿದ್ದರೆಂದು ಲೇನ್ ವಿವರಿಸುತ್ತಾರೆ. ಅವರು ಕಂಡ ಒಂದು ವರ್ಷ ತಂಗಾಳಿಯ ಬದಲು ಧೂಳೆಬ್ಬಿಸುವ ಬಿಸಿಗಾಳಿ ಬೀಸಿತಂತೆ. ಆದರೂ ಜನ ಅದನ್ನೇ ಆಘ್ರಾಣಿಸಲು ಹೊರಟರಂತೆ! ಇಂದು ಈಜಿಪ್ಟಿನಲ್ಲಿ ಶಮ್ಮುನ್ನಸೀಮ್ ರಾಷ್ಟ್ರೀಯ ರಜಾದಿನ. ಉಪ್ಪುಹಾಕಿ ಹುದುಗಿಸಿದ ಮೀನು, ಹಸಿ ಈರುಳ್ಳಿ ಮತ್ತು ಬಣ್ಣದ ಮೊಟ್ಟೆಗಳೊಂದಿಗೆ ಕುಟುಂಬಗಳು ಉದ್ಯಾನಗಳಲ್ಲಿ ಸೇರುತ್ತವೆ. ಪ್ರಾಚೀನ ಈಜಿಪ್ಟಿನ ಸುಗ್ಗಿಕಾಲಕ್ಕೆ ‘ಶೆಮು’ ಎಂಬ ಹೆಸರಿದ್ದುದರಿಂದ ಈ ದಿನವು ಫರೋವರ ಕಾಲದಿಂದಲೇ ಬಂದಿದೆಯೆಂದು ಹಲವರು ಹೇಳುತ್ತಾರೆ. ಆದರೆ ಹೆಸರಿನ ಹೋಲಿಕೆಯೊಂದೇ ಇತಿಹಾಸಕ್ಕೆ ಪುರಾವೆಯಾಗಲಾರದು.

ಅಡುಗೆಮನೆಯ ಬಣ್ಣಗಳು

ರಾಸಾಯನಿಕ ಬಣ್ಣಗಳು ಬರುವುದಕ್ಕೆ ಮುಂಚೆ ಮೊಟ್ಟೆಯ ಬಣ್ಣವೆಲ್ಲ ಗಿಡಮರಗಳಿಂದಲೇ ಬರಬೇಕಿತ್ತು. ಈಜಿಪ್ಟ್, ಇರಾನ್ ಎರಡೂ ಕಡೆ ಇಂದಿಗೂ ಮೊದಲ ಸ್ಥಾನ ಈರುಳ್ಳಿ ಸಿಪ್ಪೆಗೆ. ನಾವು ಕಸವೆಂದು ಎಸೆಯುವ ಆ ಒಣ ಸಿಪ್ಪೆಯನ್ನು ಪಾತ್ರೆಯ ತಳದಲ್ಲಿ ಹಾಸಿ, ಮೊಟ್ಟೆಗಳನ್ನಿಟ್ಟು, ಮೇಲೆ ಮತ್ತಷ್ಟು ಸಿಪ್ಪೆ ಹರಡಿ, ನೀರಿನೊಂದಿಗೆ ಒಂದು ಚಮಚ ವಿನೆಗರ್ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿದರೆ ಸಾಕು. ಚಿನ್ನದ ಹಳದಿಯಿಂದ ಇಟ್ಟಿಗೆಗೆಂಪಿನವರೆಗೆ ಬಣ್ಣ ಏರುತ್ತದೆ. ಹೆಚ್ಚು ಹೊತ್ತು ಅದೇ ನೀರಿನಲ್ಲಿ ಬಿಟ್ಟಷ್ಟೂ ಬಣ್ಣ ಗಾಢವಾಗುತ್ತದೆ. ಹೊರತೆಗೆದು ಒರೆಸಿ ಒಂದು ಹನಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ.

ಇದರ ಹಿಂದಿನ ವಿಜ್ಞಾನವೂ ಕುತೂಹಲಕರ. ಮೊಟ್ಟೆಯ ಚಿಪ್ಪಿನ ಸುಮಾರು 95 ಶೇಕಡಾ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ದ್ರವ್ಯ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ವಿನೆಗರ್‌ನ ಆಮ್ಲವು ಮೇಲ್ಮೈಯನ್ನು ಸ್ವಲ್ಪವೇ ಕರಗಿಸಿ ಒರಟಾಗಿಸುವುದರಿಂದ ಬಣ್ಣ ಹಿಡಿದುಕೊಳ್ಳುತ್ತದೆ. ವಿನೆಗರ್ ಅತಿಯಾದರೆ ಚಿಪ್ಪೇ ತೆಳುವಾಗುತ್ತದೆ.

ಅರಿಶಿನವು ಹಳದಿಯನ್ನು ಕೊಡುತ್ತದೆ. ಕೆಂಪು ಎಲೆಕೋಸು ಬಿಳಿ ಮೊಟ್ಟೆಯನ್ನು ನೀಲಿಯಾಗಿಸುತ್ತದೆ. ಈಜಿಪ್ಟಿನವರು ಪಾನೀಯಕ್ಕೆ ಬಳಸುವ ‘ಕರ್ಕದೇ’ ನಮ್ಮ ಪುಂಡಿಯ ಜಾತಿಗೆ ಸೇರಿದ ಕೆಂಪು ಹೂವು. ಅದರ ನೀರು ಮಾಣಿಕ್ಯದಂತೆ ಕೆಂಪಾಗಿದ್ದರೂ ಮೊಟ್ಟೆಯ ಮೇಲೆ ಬೂದುಮಿಶ್ರಿತ ನೀಲಿಯಾಗಿ ಕೂರುತ್ತದೆ! ಚಿಪ್ಪಿನ ಸುಣ್ಣದ ಗುಣ ತಾಗಿ ಬಣ್ಣ ಬದಲಾಗುವುದೇ ಇದಕ್ಕೆ ಕಾರಣ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪಾಗುವುದನ್ನು ಕಂಡ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ವಿದ್ವಾಂಸರು ಆಕ್ಷೇಪಿಸಿದ್ದು ಏನನ್ನು?

ಈಗ ಮೂಲ ಪ್ರಶ್ನೆಗೆ ಬರೋಣ. ಮೊಟ್ಟೆ ಹಲಾಲ್, ಈರುಳ್ಳಿ ಸಿಪ್ಪೆ ಹಲಾಲ್, ಅರಿಶಿನ ಹಲಾಲ್. ಹಾಗಾದರೆ ವಿದ್ವಾಂಸರ ಆಕ್ಷೇಪವೇನು?

ಪ್ರವಾದಿ(ಸ) ಮದೀನಕ್ಕೆ ಆಗಮಿಸಿದಾಗ ಅಲ್ಲಿನ ಜನರು ವರ್ಷದಲ್ಲಿ ಎರಡು ದಿನಗಳನ್ನು ಆಟಪಾಟಗಳಲ್ಲಿ ಕಳೆಯುತ್ತಿದ್ದರು. ಅಲ್ಲಾಹನು ಆ ಎರಡು ದಿನಗಳಿಗೆ ಬದಲಾಗಿ ಅವುಗಳಿಗಿಂತ ಉತ್ತಮವಾದ ಈದುಲ್ ಫಿತ್ರ್ ಮತ್ತು ಈದುಲ್ ಅಝ್‌ಹಾ ದಿನಗಳನ್ನು ದಯಪಾಲಿಸಿದ್ದಾನೆಂದು ಪ್ರವಾದಿ(ಸ) ತಿಳಿಸಿದರೆಂದು ಅನಸ್(ರ) ಅವರಿಂದ ಅಬೂದಾವೂದ್ ವರದಿ ಮಾಡಿದ್ದಾರೆ. ಹಬ್ಬವೆಂಬುದು ಕೇವಲ ಊಟ ಉಡುಗೆಯ ವಿಷಯವಲ್ಲ; ಅದು ಒಂದು ಸಮುದಾಯದ ವಿಶ್ವಾಸದ ಗುರುತು ಎಂಬುದು ಈ ಹದೀಸ್‌ನಿಂದ ವಿದ್ವಾಂಸರು ಗ್ರಹಿಸಿದ ತತ್ವ.

ಹನಫೀ ಗ್ರಂಥಗಳಲ್ಲಿ ಮೊಟ್ಟೆಯ ಉಲ್ಲೇಖವೇ ನೇರವಾಗಿ ಬರುತ್ತದೆ. 9ನೇ ಶತಮಾನದ ಬುಖಾರಾದ ಫಕೀಹ್ ಅಬೂ ಹಫ್ಸ್ ಅಲ್ ಕಬೀರ್(ರ) ಅವರ ಹೆಸರಿನಲ್ಲಿ ಉದ್ಧರಿಸಲಾಗುವ ಒಂದು ಕಟುವಾದ ಎಚ್ಚರಿಕೆಯಿದೆ. ಐವತ್ತು ವರ್ಷ ಅಲ್ಲಾಹನ ಆರಾಧನೆ ಮಾಡಿದ ವ್ಯಕ್ತಿಯೂ ನವ್ರೋಝ್ ದಿನವನ್ನು ಪೂಜ್ಯವೆಂದು ಭಾವಿಸಿ ಆ ಗೌರವಾರ್ಥವಾಗಿ ಬಹುದೇವಾರಾಧಕನಿಗೆ ಒಂದು ಮೊಟ್ಟೆಯನ್ನು ಉಡುಗೊರೆಯಾಗಿ ಕೊಟ್ಟರೆ ತನ್ನ ಕರ್ಮಗಳನ್ನೆಲ್ಲ ಕಳೆದುಕೊಳ್ಳುವನು ಎಂಬುದು ಅದರ ಸಾರ. ಇಲ್ಲಿ ಭಾರವೆಲ್ಲ ಬಿದ್ದಿರುವುದು ‘ದಿನವನ್ನು ಪೂಜ್ಯವೆಂದು ಭಾವಿಸಿ’ ಎಂಬ ಷರತ್ತಿನ ಮೇಲೆ. ಆ ಭಾವನೆಯಿಲ್ಲದೆ ಜನರ ರೂಢಿಯೆಂದು ಇನ್ನೊಬ್ಬ ಮುಸ್ಲಿಮನಿಗೆ ಉಡುಗೊರೆ ಕೊಟ್ಟವನನ್ನು ಅದೇ ಹನಫೀ ವಿದ್ವಾಂಸರು ಅವಿಶ್ವಾಸಿಯೆನ್ನಲಿಲ್ಲ. ಆದರೂ ಆ ದಿನವೇ ಅದನ್ನು ಮಾಡದೆ ಮುಂಚೆಯೋ ಅನಂತರವೋ ಮಾಡುವುದು ಲೇಸೆಂದರು. ಮೊಟ್ಟೆಗಿಂತ ನಿಯ್ಯತ್ತನ್ನು ಅವರು ತೂಗಿದರು.

1336ರಲ್ಲಿ ನಿಧನರಾದ ಇಬ್ನುಲ್ ಹಾಜ್(ರ) ತಮ್ಮ ‘ಅಲ್ ಮದ್‌ಖಲ್’ನಲ್ಲಿ ಕೈರೋದ ಮುಸ್ಲಿಂ ಮನೆಗಳು ಬೇಳೆಯ ಗುರುವಾರವನ್ನು ತಮ್ಮದೇ ಹಬ್ಬವೆಂಬಂತೆ ಆಚರಿಸತೊಡಗಿದುದನ್ನು ಖಂಡಿಸಿದರು. ಇಬ್ನು ತೈಮಿಯ್ಯಾ(ರ) ಡಮಾಸ್ಕಸ್‌ನಲ್ಲಿ ಇದೇ ಗುರುವಾರದ ಮೊಟ್ಟೆಯ ಬಣ್ಣ, ಧೂಪದ ಹೊಗೆ, ವಿಶೇಷ ಅಡುಗೆ, ಜೂಜು ಎಲ್ಲವನ್ನೂ ‘ಇಕ್ತಿಝಾಉಸ್ಸಿರಾತಿಲ್ ಮುಸ್ತಕೀಮ್’ ಗ್ರಂಥದಲ್ಲಿ ಪಟ್ಟಿಮಾಡಿ ವಿರೋಧಿಸಿದರು. ಇತರ ಸಮುದಾಯದ ಧಾರ್ಮಿಕ ಗುರುತುಗಳನ್ನು ಅನುಕರಿಸಬಾರದೆಂಬುದು, ಧೂಪದ ಹೊಗೆಯಿಂದ ದೃಷ್ಟಿದೋಷ ಕಳೆಯುತ್ತದೆಂಬಂತಹ ಮೂಢನಂಬಿಕೆಗಳು ಸೇರಿಕೊಂಡದ್ದು, ಜೂಜು ಇವೆಲ್ಲವೂ ಈ ವಿರೋಧದ ಹಿಂದಿದ್ದವು.

ಉಡುಗೊರೆಯ ಬಾಗಿಲು ಮುಚ್ಚಲಿಲ್ಲ

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ಆ ವಿದ್ವಾಂಸರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅದೇ ‘ಇಕ್ತಿಝಾ’ದಲ್ಲಿ ಇಬ್ನು ತೈಮಿಯ್ಯಾ(ರ) ನೆರೆಯವರು ತಮ್ಮ ಹಬ್ಬದ ದಿನ ಕಳುಹಿಸುವ ಉಡುಗೊರೆಯ ಪ್ರಶ್ನೆಯನ್ನೂ ಎತ್ತಿಕೊಳ್ಳುತ್ತಾರೆ. ಅಂತಹ ಉಡುಗೊರೆಯನ್ನು ಸ್ವೀಕರಿಸಬಹುದೆಂದು ತಿಳಿಸುತ್ತಾರೆ. ಇದಕ್ಕೆ ಅವರು ಸಹಾಬಿಗಳ ಮಾದರಿಯನ್ನು ಉದ್ಧರಿಸುತ್ತಾರೆ. ಅಲೀ(ರ) ಅವರಿಗೆ ನವ್ರೋಝ್ ದಿನ ಉಡುಗೊರೆ ಬಂದಾಗ ಅವರು ಅದನ್ನು ಸ್ವೀಕರಿಸಿದರು. ಆದರೆ ಆ ದಿನಕ್ಕೆ ವಿಶೇಷ ಸ್ಥಾನ ಕೊಡಲಿಲ್ಲ. ಅಗ್ನಿಪೂಜಕರಾದ ತಮ್ಮ ಸಂಬಂಧದ ಮನೆಯವರು ಹಬ್ಬದ ದಿನ ತಿನಿಸು ಕಳುಹಿಸುತ್ತಾರೆಂದು ಮಹಿಳೆಯೊಬ್ಬರು ಆಯಿಶಾ(ರ)ರಲ್ಲಿ ವಿಚಾರಿಸಿದಾಗ, ಆ ದಿನಕ್ಕಾಗಿ ಕೊಯ್ದ ಪ್ರಾಣಿಯ ಮಾಂಸವನ್ನು ತಿನ್ನಬೇಡಿ, ಹಣ್ಣುಹಂಪಲುಗಳನ್ನು ತಿನ್ನಿರಿ ಎಂಬರ್ಥದ ಉತ್ತರ ದೊರೆಯಿತು.

ತಮ್ಮೊಂದಿಗೆ ಧರ್ಮದ ವಿಷಯದಲ್ಲಿ ಯುದ್ಧ ಮಾಡದ, ತಮ್ಮನ್ನು ಮನೆಗಳಿಂದ ಹೊರಗಟ್ಟದ ಜನರೊಂದಿಗೆ ಒಳಿತಿನಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂದು ಪವಿತ್ರ ಕುರ್‌ಆನಿನ ಅಲ್ ಮುಮ್ತಹಿನ ಅಧ್ಯಾಯವು ಸ್ಪಷ್ಟಪಡಿಸುತ್ತದೆ. ಮಕ್ರೀಝಿಯವರು ವರ್ಣಿಸಿದ ಕೈರೋದಲ್ಲಿ ಕ್ರೈಸ್ತರ ಮನೆಯಿಂದ ಮುಸ್ಲಿಮರ ಮನೆಗೆ ಹೊರಟ ಮೀನು, ಬೇಳೆ, ಮೊಟ್ಟೆಗಳ ಬುಟ್ಟಿಯನ್ನು ನೆನಪಿಸಿಕೊಳ್ಳಿ. ಅದನ್ನು ನಗುಮುಖದಿಂದ ಸ್ವೀಕರಿಸಿ, ಈದ್‌ನಂದು ತನ್ನ ಮನೆಯಿಂದ ಬುಟ್ಟಿಯೊಂದನ್ನು ಕಳುಹಿಸುವ ಮುಸ್ಲಿಮನು ತನ್ನ ಗುರುತನ್ನು ಕಳೆದುಕೊಳ್ಳುವುದಿಲ್ಲ. ನೆರೆಯವರ ಹಬ್ಬವನ್ನು ತನ್ನದಾಗಿಸಿಕೊಳ್ಳುವುದು ಬೇರೆ, ನೆರೆಯವರನ್ನು ತನ್ನವರೆಂದು ಕಾಣುವುದು ಬೇರೆ.

ಮಗುವಿನ ಆಸೆಗೆ ಉತ್ತರ

ಈ ಚರ್ಚೆಯಲ್ಲಿ ಅತ್ಯಂತ ಅಮೂಲ್ಯವಾದ ಮಾತು ನನ್ನ ದೃಷ್ಟಿಯಲ್ಲಿ ಇನ್ನೂ ಉಳಿದಿದೆ. ಹೆಂಡತಿ ಮಕ್ಕಳು ಈ ಗುರುವಾರದಂದು ಮೊಟ್ಟೆಗೂ ವಿಶೇಷ ಅಡುಗೆಗೂ ಹಟಹಿಡಿಯುತ್ತಾರೆ, ಮನೆಯ ಯಜಮಾನ ಏನು ಮಾಡಬೇಕು ಎಂಬ ವಿಷಯವನ್ನು ಇಬ್ನು ತೈಮಿಯ್ಯಾ(ರ) ಮರೆಯಲಿಲ್ಲ. ಕೇವಲ ‘ಬೇಡ’ ಎನ್ನುವುದು ಸಾಕೆಂದು ಅವರು ಭಾವಿಸಲಿಲ್ಲ. ಮನೆಯವರ ದೃಷ್ಟಿಯನ್ನು ಅಲ್ಲಾಹ್ ಮತ್ತು ಅವನ ರಸೂಲರು(ಸ) ನೀಡಿದ ಈದ್‌ನ ಕಡೆಗೆ ತಿರುಗಿಸಬೇಕು. ಬೇರೆಡೆಗೆ ಆಸೆಗಣ್ಣು ಹಾಯಿಸುವ ಅಗತ್ಯವೇ ಬೀಳದಷ್ಟು ಮಟ್ಟಿಗೆ ಅವರ ಹಕ್ಕನ್ನು ಆ ದಿನ ಪೂರೈಸಬೇಕು ಎಂಬುದು ಅವರ ಸಲಹೆಯ ತಾತ್ಪರ್ಯ. ಸಂತೋಷವು ಮನೆಯವರ ‘ಹಕ್ಕು’ ಎಂದು ಅವರು ಗುರುತಿಸಿದ್ದನ್ನು ಗಮನಿಸಬೇಕು. ಕಟ್ಟುನಿಟ್ಟಿಗೆ ಹೆಸರಾದ ವಿದ್ವಾಂಸರೇ ಆಡಿದ ಮಾತಿದು.

ಇದೇ ಚಿಂತೆ ಇಸ್ಲಾಮೀ ಜಗತ್ತಿನ ಇನ್ನೊಂದು ತುದಿಯಲ್ಲಿಯೂ ಕಾಣಿಸಿತು. ಮೊರೊಕ್ಕೊ ಕರಾವಳಿಯ ಸಬ್ತ ನಗರದ ವಿದ್ವಾಂಸ ಅಬುಲ್ ಅಬ್ಬಾಸ್ ಅಲ್ ಅಝಫೀ(ರ) 1236ರಲ್ಲಿ ನಿಧನರಾದರು. ತಮ್ಮ ನಾಡಿನ ಮುಸ್ಲಿಮರು ನವ್ರೋಝ್ ಮತ್ತು ಕ್ರಿಸ್‌ಮಸ್‌ಗಳಲ್ಲಿ ಮುಳುಗಿರುವುದನ್ನು ಕಂಡು, ಅದರಿಂದ ಜನರನ್ನು ತಿರುಗಿಸಲು ಪ್ರವಾದಿ(ಸ)ಯವರ ಜನ್ಮದಿನದ ಸಂಭ್ರಮವನ್ನು ಅವರು ಪ್ರತಿಪಾದಿಸಿದರು. ಮೀಲಾದ್ ಆಚರಣೆಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ತಿಳಿದ ವಿಷಯವೇ, ಇಬ್ನು ತೈಮಿಯ್ಯಾರ ದಾರಿಯೂ ಅದಲ್ಲ. ಆದರೆ ಬರಿಗೈಯ ನಿಷೇಧ ಸಾಲದು, ಸಂತೋಷಕ್ಕೊಂದು ದಾರಿ ತೋರಿಸಬೇಕು ಎಂಬ ಅರಿವು ಇಬ್ಬರಲ್ಲೂ ಸಮಾನ.

ಈ ಅರಿವಿನ ಮೂಲ ಇರುವುದು ಪ್ರವಾದಿ(ಸ)ಯವರ ಮನೆಯಲ್ಲಿಯೇ. ಈದ್ ದಿನ ಇಬ್ಬರು ಬಾಲಕಿಯರು ಆಯಿಶಾ(ರ)ರ ಮನೆಯಲ್ಲಿ ಹಾಡುತ್ತಿದ್ದಾಗ ಅಬೂಬಕ್ಕರ್(ರ) ಗದರಿದರು. ಪ್ರತಿಯೊಂದು ಜನಾಂಗಕ್ಕೂ ಹಬ್ಬವಿರುತ್ತದೆ, ಇದು ನಮ್ಮ ಹಬ್ಬ ಎಂದು ಪ್ರವಾದಿ(ಸ) ಅವರನ್ನು ತಡೆದರು. ಇನ್ನೊಂದು ಈದ್‌ನಂದು ಅಬಿಸೀನಿಯದವರು ಮಸೀದಿಯಲ್ಲಿ ಈಟಿಯ ಆಟವಾಡಿದಾಗ, ಆಯಿಶಾ(ರ) ಸಾಕೆನ್ನುವವರೆಗೂ ಪ್ರವಾದಿ(ಸ) ಅವರಿಗೆ ಮರೆಯಾಗಿ ನಿಂತು ನೋಡಲು ಅವಕಾಶ ಮಾಡಿಕೊಟ್ಟರು. ಈ ಎರಡೂ ಘಟನೆಗಳು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿವೆ.

ಬಣ್ಣದ ಮೊಟ್ಟೆಯ ಪ್ರಯಾಣದಲ್ಲಿಯೂ ಇದಕ್ಕೊಂದು ಸುಂದರ ಉದಾಹರಣೆ ಸಿಗುತ್ತದೆ. ಅಫ್ಘಾನಿಸ್ತಾನದ ಮಕ್ಕಳು ‘ತುಖ್ಮ್ ಜಂಗೀ’ ಎಂಬ ಆಟವಾಡುತ್ತಾರೆ. ಗಟ್ಟಿಯಾಗಿ ಬೇಯಿಸಿ ಬಣ್ಣ ಹಾಕಿದ ಮೊಟ್ಟೆಗಳನ್ನು ಇಬ್ಬರು ಒಂದಕ್ಕೊಂದು ತಾಗಿಸುತ್ತಾರೆ. ಯಾರ ಮೊಟ್ಟೆ ಬಿರುಕುಬಿಡುವುದೋ ಅವರು ಸೋತಂತೆ. ಈ ಆಟ ಅಲ್ಲಿ ವಸಂತದ ನವ್ರೋಝ್‌ಗೆ ಸೀಮಿತವಾಗಿಲ್ಲ. ಈದ್‌ನಲ್ಲಿಯೂ ಬೀದಿಬೀದಿಗಳಲ್ಲಿ ನಡೆಯುತ್ತದೆ. ಒಂದು ಋತುವಿನ ಬಣ್ಣ ಇಲ್ಲಿ ಚಂದ್ರನನ್ನು ಹಿಂಬಾಲಿಸುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತಿದೆ! ಸೋತವನ ಮೊಟ್ಟೆ ಗೆದ್ದವನ ಪಾಲಾಗುವ ಪಣವನ್ನು ಬಿಟ್ಟುಬಿಟ್ಟರೆ, ಮಕ್ರೀಝಿಯವರ ಕಾಲದ ಜೂಜಿನ ಆಕ್ಷೇಪವೂ ಅಲ್ಲಿ ಉಳಿಯುವುದಿಲ್ಲ.

ಇನ್ನೊಂದು ದೃಶ್ಯವೂ ನೆನೆಯಲು ಯೋಗ್ಯ. 2021, 2022 ಮತ್ತು 2023 ಈ ಮೂರೂ ವರ್ಷಗಳಲ್ಲಿ ಶಮ್ಮುನ್ನಸೀಮ್ ರಮಝಾನ್ ತಿಂಗಳಲ್ಲಿಯೇ ಬಂತು. ಉಪವಾಸಿಗನಿಗೆ ಹಗಲಿನಲ್ಲಿ ಮೊಟ್ಟೆಯೂ ಇಲ್ಲ, ಮೀನೂ ಇಲ್ಲ. ಸಾವಿರ ವರ್ಷಗಳ ರೂಢಿಯೂ ಒಂದು ಫರ್ಝ್ ಕರ್ಮದ ಮುಂದೆ ಬದಿಗೆ ಸರಿಯಬೇಕು. ರೂಢಿ ಎಲ್ಲಿ ನಿಲ್ಲಬೇಕು, ದೀನ್ ಎಲ್ಲಿ ನಿಲ್ಲಬೇಕು ಎಂಬುದನ್ನು ಕ್ಯಾಲೆಂಡರ್ ತಾನೇ ಕಲಿಸಿದ ಮೂರು ವರ್ಷಗಳವು.

ನಮಗಿರುವ ಪಾಠ

ನಮ್ಮ ಸುತ್ತಲೂ ಹಬ್ಬಗಳ ಬಣ್ಣ, ಬೆಳಕು, ಸಿಹಿ ತುಂಬಿವೆ. ನಮ್ಮ ಮಕ್ಕಳು ಶಾಲೆಯಲ್ಲಿ, ಓಣಿಯಲ್ಲಿ, ಮೊಬೈಲ್ ಪರದೆಯಲ್ಲಿ ಅವನ್ನು ದಿನವೂ ಕಾಣುತ್ತಾರೆ. ಅವರು ಪ್ರಶ್ನೆ ಕೇಳಿದಾಗ ಹರಾಮ್ ಎಂಬ ಒಂದೇ ಪದದಿಂದ ಬಾಗಿಲು ಹಾಕಿದರೆ ಪ್ರಶ್ನೆ ಸಾಯುವುದಿಲ್ಲ, ಮಗುವಿನ ಮನಸ್ಸಿನೊಳಗೆ ಅಡಗಿ ಕೂರುತ್ತದೆ. ನಮ್ಮ ಈದ್ ಬೆಳಗಿನ ನಮಾಝ್ ಮುಗಿಸಿ, ಬಿರಿಯಾನಿ ಉಂಡು, ಮಧ್ಯಾಹ್ನ ಮಲಗುವುದರೊಂದಿಗೆ ಮುಗಿದುಹೋಗುತ್ತಿದ್ದರೆ, ಮಗು ಪಕ್ಕದ ಮನೆಯ ಅಂಗಳವನ್ನು ಆಸೆಯಿಂದ ನೋಡುವುದು ಮಗುವಿನ ತಪ್ಪಲ್ಲ.

ತಕ್ಬೀರ್‌ನ ಧ್ವನಿಯೊಂದಿಗೆ ಎಚ್ಚರಗೊಳ್ಳುವ ಮನೆ, ಮಕ್ಕಳ ಕೈಯಿಂದಲೇ ಬಡವರಿಗೆ ತಲುಪುವ ಫಿತ್ರ್ ಝಕಾತ್, ಬಂಧುಗಳ ಭೇಟಿ, ನೆರೆಮನೆಗೆ ಹೊರಡುವ ತಟ್ಟೆ, ಮಕ್ಕಳಿಗೆ ಆಟ ಮತ್ತು ಉಡುಗೊರೆ ಇವುಗಳಿಂದ ನಮ್ಮ ಈದ್ ತುಂಬಲಿ. ಬೇಕಿದ್ದರೆ ಅಂದು ಈರುಳ್ಳಿ ಸಿಪ್ಪೆಯ ನೀರಿನಲ್ಲಿ ನಾಲ್ಕು ಮೊಟ್ಟೆಗಳೂ ಕೆಂಪಾಗಲಿ. ಅದು ಸುನ್ನತ್ತೂ ಅಲ್ಲ, ಪುಣ್ಯಕರ್ಮವೂ ಅಲ್ಲ. ಮಕ್ಕಳ ನಗುವಿಗೆ ಅನುಮತಿಸಲಾದ ಒಂದು ವಿನೋದ ಮಾತ್ರ. ಬಣ್ಣಗಳನ್ನು ಸೃಷ್ಟಿಸಿದವನು ಅಲ್ಲಾಹನೇ ತಾನೇ?

ನಮ್ಮ ಹಬ್ಬಗಳನ್ನು ಕೃತಜ್ಞತೆಯಿಂದಲೂ ಸಂತೋಷದಿಂದಲೂ ತುಂಬಲು, ನೆರೆಯವರೊಂದಿಗೆ ಒಳಿತಿನಿಂದ ಬಾಳಲು, ನಮ್ಮ ಮಕ್ಕಳ ಹೃದಯಗಳಲ್ಲಿ ದೀನ್‌ನ ಪ್ರೀತಿಯನ್ನು ಬಿತ್ತಲು ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.